ಮರಳ ಹಾಸಿನಿಂದ ಮೊಬೈಲಿನವರೆಗೆ

ಕಾಲೇಜಿಗೆ ಹೋಗುವ ಮಗನೋ ಮಗಳೋ ಮನೆಯಲ್ಲಿದ್ದರೆ ಈ ಮಾತು ನಮ್ಮ ಕಿವಿಗೆ ಬಿದ್ದಿರಬಹುದು. "ತರಗತಿಯಲ್ಲಿ ಮೊಬೈಲು ಮುಟ್ಟಬೇಡ" ಎಂದು ನಾವು ಬುದ್ಧಿ ಹೇಳಿದರೆ, "ಗಣಿತದ ಸರ್ ಅವರೇ ಮೊಬೈಲು ತೆಗೆಯಿರಿ ಅನ್ನುತ್ತಾರೆ, ಕ್ವಿಜ್ ಅದರಲ್ಲೇ ನಡೆಯುತ್ತದೆ" ಎಂಬ ಉತ್ತರ ಬರುತ್ತದೆ. ಮೊದಲ ಸಲ ಕೇಳಿದಾಗ ಇದು ನೆಪವೆಂದೇ ತೋರುತ್ತದೆ. ಆದರೆ ಮಾತು ಸುಳ್ಳಲ್ಲ. ಪ್ರಾಧ್ಯಾಪಕರು ಪರದೆಯ ಮೇಲೆ ಒಂದು ಪ್ರಶ್ನೆಯನ್ನೂ ಅದರ ಕೆಳಗೆ ನಾಲ್ಕು ಉತ್ತರಗಳನ್ನೂ ತೋರಿಸುತ್ತಾರೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮೊಬೈಲಿನಲ್ಲಿ ಒಂದನ್ನು ಒತ್ತುತ್ತಾನೆ. ನಿಮಿಷ ಕಳೆಯುವುದರೊಳಗೆ ಎಷ್ಟು ಮಂದಿ ಯಾವ ಉತ್ತರ ಕೊಟ್ಟರೆಂಬ ಲೆಕ್ಕ ಪ್ರಾಧ್ಯಾಪಕರ ಕಣ್ಣೆದುರಿಗೆ ಬರುತ್ತದೆ. ಹೆಸರು ಹಿಡಿದು ಕರೆಯುವಂತಿಲ್ಲ, ಎದ್ದು ನಿಲ್ಲುವಂತಿಲ್ಲ, ನಾಚಿಕೊಳ್ಳುವಂತಿಲ್ಲ.

ಇದನ್ನು ಕಂಡು ಕೆಲವರು ಶಿಕ್ಷಣದಲ್ಲಿ ಹೊಸ ಯುಗವೇ ಬಂದಿತೆಂದು ಹಿಗ್ಗುತ್ತಾರೆ. ಇನ್ನು ಕೆಲವರು ಗಣಿತವೂ ಆಟದ ಸಾಮಾನಾಯಿತಲ್ಲ ಎಂದು ಮರುಗುತ್ತಾರೆ. ಈ ಎರಡು ಮಾತುಗಳನ್ನೂ ಬದಿಗಿಟ್ಟು ಹಿಂದಿನದನ್ನು ಸ್ವಲ್ಪ ತಿರುವಿ ನೋಡುವುದು ಮೇಲೆಂದು ನಮಗೆ ತೋರುತ್ತದೆ. ಏಕೆಂದರೆ ಇಡೀ ತರಗತಿಯಿಂದ ಒಂದೇ ಸಲಕ್ಕೆ ಉತ್ತರ ಪಡೆಯುವ ಹಂಬಲ ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. ಅದಕ್ಕೆ ಇನ್ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ, ಮತ್ತು ಆ ಇತಿಹಾಸದ ಒಂದು ಎಳೆ ನಮ್ಮ ನೆರೆಯ ಮದರಾಸಿನಲ್ಲೇ ಇದೆ.

1789ರಲ್ಲಿ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮದರಾಸಿನ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡ. ಅಲ್ಲಿಯ ಒಂದು ದೇಶೀಯ ಶಾಲೆಯಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿಕೊಂಡು ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡ. ನಮ್ಮ ಹಳ್ಳಿಗಳ ಕೂಲಿಮಠಗಳ ಕಥೆ ಕೇಳಿದವರಿಗೆ ಈ ನೋಟ ಹೊಸದಲ್ಲ. ಕಾಗದ ಬೇಡ, ಶಾಯಿ ಬೇಡ, ತಪ್ಪಾದರೆ ಅಂಗೈಯಿಂದ ಸವರಿದರೆ ಆಯಿತು. ಬೆಲ್ ಅದನ್ನು ತನ್ನ ಶಾಲೆಗೆ ತಂದ. ಮುಂದೆ ಕಲಿತ ಹುಡುಗರು ಕಲಿಯುವ ಹುಡುಗರಿಗೆ ಪಾಠ ಹೇಳುವ ಏರ್ಪಾಡನ್ನೂ ಮಾಡಿದ. 1797ರಲ್ಲಿ ಲಂಡನ್ನಿನಲ್ಲಿ ಅವನು ಪ್ರಕಟಿಸಿದ ವರದಿಯಿಂದ ಈ ಕ್ರಮಕ್ಕೆ 'ಮದರಾಸ್ ಪದ್ಧತಿ' ಎಂಬ ಹೆಸರೇ ನಿಂತಿತು. ಒಬ್ಬ ಹುಡುಗ ಇನ್ನೊಬ್ಬನಿಗೆ ಕಲಿಸಬಲ್ಲ ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಕೊನೆಗೆ ಅದೇ ಮಾತು ಮತ್ತೆ ನಮ್ಮೆದುರು ಬರುತ್ತದೆ.

ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬಾತ ನೂರಾರು ಬಡ ಮಕ್ಕಳನ್ನು ಒಂದೇ ಹಜಾರದಲ್ಲಿ ಕೂಡಿಸಿ ಪಾಠ ನಡೆಸುತ್ತಿದ್ದ. ಅವನ ಮಾದರಿಯ ಶಾಲೆಗಳಲ್ಲಿ ಮಕ್ಕಳೆಲ್ಲ ಸ್ಲೇಟಿನ ಮೇಲೆ ಉತ್ತರ ಬರೆಯಬೇಕು. 'ಸ್ಲೇಟು ತೋರಿಸಿ' ಎಂಬ ಆಜ್ಞೆ ಹೊರಟೊಡನೆ ಎಲ್ಲರೂ ಏಕಕಾಲಕ್ಕೆ ಅದನ್ನು ಎತ್ತಿ ಹಿಡಿಯಬೇಕು. ಒಬ್ಬನನ್ನು ಕೇಳಿ ಉಳಿದವರನ್ನು ಬಿಡುವುದಲ್ಲ, ಎಲ್ಲರನ್ನೂ ಒಮ್ಮೆಗೇ ಕೇಳುವುದು. ಇಂದಿನ ಮೊಬೈಲು ಮಾಡುವ ಕೆಲಸವೂ ಮೂಲತಃ ಇದೇ. ಅಂದು ಬಳಪದ ಗುರುತು, ಇಂದು ಬೆರಳಿನ ಒತ್ತು.

ಶಾಲೆಯಿಂದ ಕಾಲೇಜಿಗೆ ಬಂದರೆ ಕಥೆ ಬೇರೆ ತಿರುವು ಪಡೆಯುತ್ತದೆ. ಕರಿಹಲಗೆ ಇಲ್ಲದ ಗಣಿತದ ತರಗತಿಯನ್ನು ನಾವು ಊಹಿಸಲಾರೆವು. ಆದರೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕಾಲೇಜುಗಳಿಗೆ ಅದೂ ಹೊಸ ಉಪಕರಣವೇ. ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ದಿನದಿನವೂ ಹಲಗೆಯ ಮುಂದೆ ನಿಂತು ಗಣಿತವನ್ನು ಬಿಡಿಸಿ ತೋರಿಸಬೇಕಾಗಿತ್ತು, ಅದಕ್ಕೆ ದಿನದಿನವೂ ಅಂಕವಿತ್ತು. ಯೇಲ್ ಕಾಲೇಜಿನಲ್ಲಿ ಶಂಕುಚ್ಛೇದಗಳ ಪಾಠ ಒಪ್ಪಿಸುವಾಗ ಪುಸ್ತಕದಲ್ಲಿರುವ ಚಿತ್ರವನ್ನು ನೋಡಿಕೊಂಡೇ ಹೇಳುವ ರೂಢಿಯಿತ್ತು. ಇನ್ನು ಮೇಲೆ ಪುಸ್ತಕ ಬದಿಗಿಟ್ಟು ನೆನಪಿನಿಂದಲೇ ಹಲಗೆಯ ಮೇಲೆ ಚಿತ್ರ ಬರೆಯಬೇಕೆಂದು ಅಧ್ಯಾಪಕರು ಹೇಳಿದಾಗ ವಿದ್ಯಾರ್ಥಿಗಳು ದಂಗೆಯೆದ್ದರು. 1830ರಲ್ಲಿ ನಡೆದ ಈ 'ಶಂಕುಚ್ಛೇದ ದಂಗೆ'ಯಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಕಾಲೇಜಿನಿಂದ ಹೊರಬಿದ್ದರು. ಅವರ ತರಗತಿಯ ಅರ್ಧಕ್ಕರ್ಧ ಎನ್ನುವಷ್ಟು ಜನ!

ಈ ಪ್ರಸಂಗವನ್ನು ಓದಿ ನಕ್ಕು ಬಿಡುವುದು ಸುಲಭ. ಆದರೆ ಹಲಗೆಯ ಮುಂದೆ ಒಂಟಿಯಾಗಿ ನಿಂತು, ಬೆನ್ನಿನ ಮೇಲೆ ಎಲ್ಲರ ಕಣ್ಣು ಬಿದ್ದಿರುವಾಗ, ಕೈಯಲ್ಲಿನ ಸೀಮೆಸುಣ್ಣ ಮುಂದೆ ಸರಿಯದೆ ನಿಂತ ಅನುಭವ ನಮ್ಮಲ್ಲಿ ಎಷ್ಟು ಮಂದಿಗಿಲ್ಲ? ಪ್ರಶ್ನೆಯು ಕಲಿಸುವುದಕ್ಕೋ ಹಿಡಿದುಹಾಕುವುದಕ್ಕೋ ಎಂಬ ಸಂದೇಹ ಹುಟ್ಟಿದೊಡನೆ ವಿದ್ಯಾರ್ಥಿಯ ಮನಸ್ಸು ಮುಚ್ಚಿಕೊಳ್ಳುತ್ತದೆ. ಉಪಕರಣ ಯಾವುದೇ ಇರಲಿ, ಈ ಸಂದೇಹ ಅದರ ಬೆನ್ನಿಗೇ ಬರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಯಂತ್ರಗಳು ಬಂದವು. ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿ ಸಿಡ್ನಿ ಪ್ರೆಸ್ಸಿ 1920ರ ದಶಕದ ಮಧ್ಯಭಾಗದಲ್ಲಿ ಟೈಪ್‌ರೈಟರಿನಂಥ ಒಂದು ಪೆಟ್ಟಿಗೆಯನ್ನು ಮಾಡಿದರು. ಸಣ್ಣ ಕಿಂಡಿಯಲ್ಲಿ ಪ್ರಶ್ನೆ ಕಾಣುತ್ತದೆ, ನಾಲ್ಕು ಕೀಲಿಗಳಲ್ಲಿ ಒಂದನ್ನು ಒತ್ತಬೇಕು. ಒಂದು ಸನ್ನೆಯನ್ನು ತಿರುಗಿಸಿಟ್ಟರೆ ಸರಿಯುತ್ತರ ಒತ್ತುವ ತನಕ ಮುಂದಿನ ಪ್ರಶ್ನೆ ಬರುವುದೇ ಇಲ್ಲ. ಬೇಕಾದಷ್ಟು ಸರಿಯುತ್ತರ ಕೊಟ್ಟವರಿಗೆ ಮಿಠಾಯಿ ಉದುರಿಸುವ ಜೋಡಣೆಯನ್ನೂ ಅವರು ಮಾಡಿದ್ದರು. ಆದರೆ ಯಂತ್ರಕ್ಕೆ ಗಿರಾಕಿಗಳು ಸಿಗಲಿಲ್ಲ. ಆರ್ಥಿಕ ಮುಗ್ಗಟ್ಟಿನ ದಿನಗಳು ಬೇರೆ. 1932ರ ಹೊತ್ತಿಗೆ ಪ್ರೆಸ್ಸಿ ಆ ಕೆಲಸವನ್ನು ಕೈಬಿಟ್ಟರು.

ಎರಡನೆಯ ಪ್ರಯತ್ನಕ್ಕೆ ಕಾರಣ ಒಂದು ಗಣಿತದ ತರಗತಿಯೇ. 1953ರ ನವೆಂಬರಿನಲ್ಲಿ ಹಾರ್ವರ್ಡಿನ ಖ್ಯಾತ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ನಾಲ್ಕನೆಯ ತರಗತಿಯಲ್ಲಿದ್ದ ಮಗಳ ಶಾಲೆಗೆ ಹೋದರು. ತಂದೆಯಂದಿರು ಬಂದು ಪಾಠ ನೋಡುವ ದಿನ ಅದು. ಮಕ್ಕಳು ಲೆಕ್ಕ ಮಾಡುತ್ತಿದ್ದರು. ಬೇಗ ಮುಗಿಸಿದವರು ಸುಮ್ಮನೆ ಕುಳಿತಿದ್ದರು, ತಿಳಿಯದವರು ಒದ್ದಾಡುತ್ತಿದ್ದರು. ತಾನು ಮಾಡಿದ್ದು ಸರಿಯೋ ತಪ್ಪೋ ಎಂಬುದು ಯಾವ ಮಗುವಿಗೂ ಆ ಕ್ಷಣಕ್ಕೆ ಗೊತ್ತಾಗುವಂತಿರಲಿಲ್ಲ. ಸ್ಕಿನ್ನರರು ಮನೆಗೆ ಬಂದು ಕೆಲವೇ ದಿನಗಳಲ್ಲಿ ಕಲಿಕೆಯ ಯಂತ್ರವೊಂದನ್ನು ಕಟ್ಟಿದರು. 1958ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು ಬರೆದ ಲೇಖನದಿಂದ ಈ ಯಂತ್ರಗಳು ಮನೆಮಾತಾದವು. ಆದರೆ ಅವುಗಳ ಮುಂದೆ ಕುಳಿತ ಮಗು ಒಂಟಿ. ಯಂತ್ರಕ್ಕೂ ಮಗುವಿಗೂ ಮಾತು, ಪಕ್ಕದ ಮಗುವಿನೊಡನೆ ಇಲ್ಲ. ಕೆಲವೇ ವರ್ಷಗಳಲ್ಲಿ ಆ ಉತ್ಸಾಹವೂ ಇಳಿಯಿತು.

1960ರ ದಶಕದಲ್ಲಿ ಅಮೆರಿಕದ ದೊಡ್ಡ ಉಪನ್ಯಾಸ ಕೊಠಡಿಗಳಲ್ಲಿ ಪ್ರತಿ ಕುರ್ಚಿಗೂ ಗುಂಡಿಗಳನ್ನು ಜೋಡಿಸಿ ತಂತಿ ಎಳೆದರು. ಸ್ಟ್ಯಾನ್‌ಫರ್ಡ್, ಕಾರ್ನೆಲ್ ಮೊದಲಾದ ವಿಶ್ವವಿದ್ಯಾನಿಲಯಗಳಲ್ಲಿ ಇಂಥ ಏರ್ಪಾಡುಗಳು ನಡೆದವು. ವಿದ್ಯಾರ್ಥಿ ಗುಂಡಿ ಒತ್ತುತ್ತಾನೆ, ಅಧ್ಯಾಪಕರ ಮೇಜಿನ ಮೇಲಿನ ಮಾಪಕದಲ್ಲಿ ಫಲ ಕಾಣುತ್ತದೆ. ಇದರಿಂದ ಆದದ್ದೇನು? 2002ರಲ್ಲಿ ಜಡ್ಸನ್ ಮತ್ತು ಸವಾಡ ಎಂಬ ಇಬ್ಬರು ಹಿಂದಿನ ಅಧ್ಯಯನಗಳನ್ನೆಲ್ಲ ಕಲೆಹಾಕಿ ನೋಡಿದರು. ವಿದ್ಯಾರ್ಥಿಗಳಿಗೆ ಗುಂಡಿ ಒತ್ತುವುದು ಬಹಳ ಹಿಡಿಸಿತ್ತು, ಆದರೆ 60 ಮತ್ತು 70ರ ದಶಕಗಳ ಪ್ರಯೋಗಗಳಲ್ಲಿ ಕಲಿಕೆ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ಹೆಚ್ಚಳ ಕಂಡದ್ದು ಮುಂದಿನ ಕಾಲದ ಪ್ರಯೋಗಗಳಲ್ಲಿ, ಅದೂ ವಿದ್ಯಾರ್ಥಿಗಳು ಪರಸ್ಪರ ಚರ್ಚಿಸಿದ ಕಡೆ. ಗುಂಡಿ ಅದೇ, ಬಳಸಿದ ರೀತಿ ಬೇರೆ. ನಮ್ಮ ಇಡೀ ಕಥೆಯ ತಿರುಳು ಇಲ್ಲಿದೆ.

ಆ ರೀತಿ ಬದಲಾದದ್ದು ಹೇಗೆ? ಇದಕ್ಕೆ ನಾವು ಗಣಿತದ ಅಂಗಳದಿಂದ ಒಂದು ಗಳಿಗೆ ಪಕ್ಕದ ಭೌತವಿಜ್ಞಾನದ ಅಂಗಳಕ್ಕೆ ಹೋಗಬೇಕು. 1985ರಲ್ಲಿ ಅರಿಜೋನದ ಹಲೌನ್ ಮತ್ತು ಹೆಸ್ಟೆನೆಸ್ ಎಂಬವರು ಒಂದು ಕಹಿ ಸತ್ಯವನ್ನು ಪ್ರಕಟಿಸಿದರು. ಸೂತ್ರ ಹಾಕಿ ಲೆಕ್ಕ ಬಿಡಿಸಬಲ್ಲ ವಿದ್ಯಾರ್ಥಿಗಳಿಗೂ ಬಲ, ಚಲನೆ ಮುಂತಾದ ಮೂಲಭಾವನೆಗಳು ತಿಳಿದಿರಲಿಲ್ಲ. ಹಾರ್ವರ್ಡಿನ ಪ್ರಾಧ್ಯಾಪಕ ಎರಿಕ್ ಮಜೂರ್ ಇದನ್ನು ಓದಿ, ತಮ್ಮ ವಿದ್ಯಾರ್ಥಿಗಳು ಹಾಗಿರಲಾರರೆಂದು ನಂಬಿ ಅದೇ ಪರೀಕ್ಷೆಯನ್ನು ಕೊಟ್ಟರು. ಒಬ್ಬ ವಿದ್ಯಾರ್ಥಿನಿ ಎದ್ದು, ನೀವು ಕಲಿಸಿದಂತೆ ಉತ್ತರಿಸಬೇಕೋ, ನಾನು ನಿಜವಾಗಿ ಯೋಚಿಸುವಂತೆಯೋ ಎಂದು ಕೇಳಿದಳಂತೆ! ಫಲಿತಾಂಶ ನೋಡಿದಾಗ ಮಜೂರರ ಕಣ್ಣು ತೆರೆಯಿತು.

ಅವರು ಒಂದು ಪ್ರಶ್ನೆಯನ್ನು ಒಮ್ಮೆ ವಿವರಿಸಿದರು, ಮತ್ತೊಮ್ಮೆ ವಿವರಿಸಿದರು, ವಿದ್ಯಾರ್ಥಿಗಳ ಮುಖದ ಗೊಂದಲ ಹೋಗಲಿಲ್ಲ. ಬೇರೆ ದಾರಿ ಕಾಣದೆ, ಪಕ್ಕದವರೊಡನೆ ಮಾತಾಡಿಕೊಳ್ಳಿ ಎಂದುಬಿಟ್ಟರು. ಕೊಠಡಿ ಸಂತೆಯಾಯಿತು, ಆದರೆ ಸ್ವಲ್ಪ ಹೊತ್ತಿನಲ್ಲೇ ಉತ್ತರ ತಿಳಿಯಿತು. 1991ರಿಂದ ಇದನ್ನೇ ಅವರು ಕ್ರಮವಾಗಿ ಬಳಸತೊಡಗಿದರು. ಮೊದಲು ಪ್ರತಿಯೊಬ್ಬನೂ ತಾನೇ ಯೋಚಿಸಿ ಉತ್ತರ ಕೊಡಬೇಕು. ತೀರ ಕಡಿಮೆ ಮಂದಿಗೆ ತಿಳಿದಿದ್ದರೆ ಅಧ್ಯಾಪಕರು ಮತ್ತೆ ವಿವರಿಸುತ್ತಾರೆ. ಬಹುಪಾಲು ಮಂದಿಗೆ ತಿಳಿದಿದ್ದರೆ ಪಾಠ ಮುಂದೆ ಹೋಗುತ್ತದೆ. ಎರಡರ ನಡುವೆ ಇದ್ದರೆ ವಿದ್ಯಾರ್ಥಿಗಳು ಅಕ್ಕಪಕ್ಕದವರೊಡನೆ ವಾದಿಸಿ ಎರಡನೆಯ ಸಲ ಉತ್ತರ ಕೊಡುತ್ತಾರೆ. ಮೊನ್ನೆ ಮೊನ್ನೆ ಅರ್ಥಮಾಡಿಕೊಂಡ ಗೆಳೆಯನಿಗೆ, ಅರ್ಥವಾಗದವನು ಎಲ್ಲಿ ಎಡವುತ್ತಾನೆಂಬುದು ಪ್ರಾಧ್ಯಾಪಕನಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಎಗ್ಮೋರಿನ ಬಾಲಕರ ಮಾತು ಇನ್ನೂರು ವರ್ಷಗಳ ಬಳಿಕ ಹಾರ್ವರ್ಡಿನಲ್ಲಿ ಮರಳಿ ಕೇಳಿಬಂದಂತಾಯಿತು.

ಮಜೂರರ ವಿದ್ಯಾರ್ಥಿಗಳು ಮೊದಮೊದಲು ಎತ್ತಿ ತೋರಿಸುತ್ತಿದ್ದದ್ದು ಅಕ್ಷರ ಬರೆದ ರಟ್ಟಿನ ಚೀಟಿಗಳನ್ನು. ವಿದ್ಯುನ್ಮಾನ ಸಾಧನಗಳು ಆಮೇಲೆ ಬಂದವು. 2008ರಲ್ಲಿ ನಥಾನಿಯಲ್ ಲಸ್ರಿ ಎಂಬ ಕೆನಡಾದ ಅಧ್ಯಾಪಕರು ಒಂದು ಗುಂಪಿಗೆ ಚೀಟಿಗಳನ್ನೂ ಇನ್ನೊಂದು ಗುಂಪಿಗೆ ಗುಂಡಿಯ ಸಾಧನಗಳನ್ನೂ ಕೊಟ್ಟು ಹೋಲಿಸಿ ನೋಡಿದರು. ಕಲಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಈಗ ಗಣಿತಕ್ಕೆ ಮರಳೋಣ. ಗಣಿತದಲ್ಲಿ ಒಂದು ವಿಶೇಷ ತೊಡಕಿದೆ. ಉತ್ತರ ಸರಿ ಬಂದ ಮಾತ್ರಕ್ಕೆ ವಿಷಯ ತಿಳಿದಿದೆ ಎನ್ನುವಂತಿಲ್ಲ. ಮಗ್ಗಿಯಂತೆ ಸೂತ್ರವನ್ನು ಬಾಯಿಪಾಠ ಮಾಡಿ ಕಲನಶಾಸ್ತ್ರದ ಪರೀಕ್ಷೆ ದಾಟಿದವರು ಎಷ್ಟೋ ಮಂದಿ. ಅದಕ್ಕೆಂದೇ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಮರಿಯಾ ಟೆರೆಲ್ ಮತ್ತು ಅವರ ಸಹೋದ್ಯೋಗಿಗಳು ಈ ಶತಮಾನದ ಆರಂಭದಲ್ಲಿ 'ಒಳ್ಳೆಯ ಪ್ರಶ್ನೆಗಳು' ಎಂಬ ಯೋಜನೆಯನ್ನು ಕೈಗೊಂಡರು. ಅವರ ಪ್ರಶ್ನೆಗಳಲ್ಲಿ ಒಂದರ ತಾತ್ಪರ್ಯ ಇಷ್ಟು: ನೀವು ಎಂದಾದರೂ ಒಮ್ಮೆ ಸರಿಯಾಗಿ ಮೂರು ಅಡಿ ಎತ್ತರ ಇದ್ದಿರಾ, ಇಲ್ಲವೇ?

ಲೆಕ್ಕವಿಲ್ಲ, ಸೂತ್ರವಿಲ್ಲ, ಆದರೂ ತರಗತಿ ಎರಡಾಗಿ ಒಡೆಯುತ್ತದೆ. ಅಳೆದವರಿಲ್ಲವಾದ್ದರಿಂದ ಹೇಳಲಾಗದು ಎನ್ನುತ್ತಾನೆ ಒಬ್ಬ. ಮೂರಕ್ಕೆ ತುಸು ಕಡಿಮೆಯಿಂದ ತುಸು ಹೆಚ್ಚಿಗೆ ಹಾರಿಬಿಟ್ಟಿರಬಹುದು ಎನ್ನುತ್ತಾಳೆ ಇನ್ನೊಬ್ಬಳು. ಹುಟ್ಟಿದಾಗ ಮೂರು ಅಡಿಗಿಂತ ಗಿಡ್ಡ, ಈಗ ಅದಕ್ಕಿಂತ ಎತ್ತರ, ನಡುವೆ ಬೆಳೆದದ್ದು ಎಲ್ಲೂ ಕಡಿಯದೆ. ಆದ್ದರಿಂದ ಒಂದು ಕ್ಷಣ ಸರಿಯಾಗಿ ಮೂರು ಅಡಿ ಇದ್ದೇ ಇರಬೇಕು ಎಂದು ಮೂರನೆಯವನು ವಾದಿಸುತ್ತಾನೆ. ಅವಿಚ್ಛಿನ್ನತೆಯ ಒಂದು ಮುಖ್ಯ ಪ್ರಮೇಯದ ಜೀವಾಳ ಅಷ್ಟರಲ್ಲಿ ಹೊರಬಿದ್ದಿರುತ್ತದೆ. ಮುಂಬಯಿಯ ಲೋಕಲ್ ಗಾಡಿಯನ್ನೇ ನೋಡಿ. ಅಂಧೇರಿಯಲ್ಲಿ ನಿಂತಿದ್ದ ಗಾಡಿ ಹೊರಟು ಗಂಟೆಗೆ 60 ಕಿಲೋಮೀಟರ್ ವೇಗ ಪಡೆಯಿತೆಂದರೆ, ನಡುವೆ ಒಂದು ಕ್ಷಣ ಅದರ ವೇಗ ಸರಿಯಾಗಿ 40 ಇದ್ದಿರಲೇಬೇಕು. ಡಬ್ಬಿಯಲ್ಲಿ ನೇತಾಡುತ್ತ ಹೋಗುವವರಿಗೂ ಹೇಳಬಹುದಾದ ಗಣಿತ ಇದು. ಟೆರೆಲ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಬೆಂಬಲಿಸಿತು. ಆಳವಾದ ಪ್ರಶ್ನೆ ಮತ್ತು ವಿದ್ಯಾರ್ಥಿಗಳ ನಡುವಣ ಚರ್ಚೆ, ಇವೆರಡೂ ಕೂಡಿದಲ್ಲಿ ಕಲನಶಾಸ್ತ್ರದ ಕಲಿಕೆ ಉತ್ತಮಗೊಂಡಿತ್ತು.

ಅಷ್ಟರಲ್ಲಿ ತಂತಿಯ ಕಾಲ ಮುಗಿದು ಅಂಗೈಯಗಲದ ನಿಸ್ತಂತು 'ಕ್ಲಿಕರ್'ಗಳು ಬಂದಿದ್ದವು. ವಿದ್ಯಾರ್ಥಿಗಳು ಪುಸ್ತಕದ ಜೊತೆಗೆ ಅದನ್ನೂ ಕೊಳ್ಳಬೇಕಾಗಿತ್ತು. 2007ರಲ್ಲಿ ಐಫೋನ್ ಬಂದ ಮೇಲೆ ಎಲ್ಲರ ಜೇಬಿನಲ್ಲೂ ಕ್ಲಿಕರಿಗಿಂತ ಸಮರ್ಥವಾದ ಯಂತ್ರ ಸೇರತೊಡಗಿತು. ಬೇರೆ ಸಾಧನವೇಕೆ, ಇದರಲ್ಲೇ ಉತ್ತರ ಕೊಡಲಿ ಎಂಬ ವಿಚಾರ ಸಹಜವಾಗಿ ಬಂತು. ಪೋಲ್ ಎವ್ರಿವೇರ್, ಸಾಕ್ರೆಟಿವ್, 2013ರಲ್ಲಿ ನಾರ್ವೆಯಿಂದ ಹೊರಬಂದ ಕಹೂಟ್ ಮೊದಲಾದವು ಹೀಗೆ ಹರಡಿದವು. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಬರಿಯ ಉಪನ್ಯಾಸ ನಡೆದ ಕಡೆ ನೂರಕ್ಕೆ ಸುಮಾರು 34 ಮಂದಿ ನಪಾಸಾಗಿದ್ದರೆ, ವಿದ್ಯಾರ್ಥಿಗಳನ್ನು ತೊಡಗಿಸಿಕೊಂಡು ಕಲಿಸಿದ ಕಡೆ ಸುಮಾರು 22 ಮಂದಿ. ನೂರಕ್ಕೆ ಹನ್ನೆರಡು ಮಕ್ಕಳ ವರ್ಷ ಉಳಿಯುವುದೆಂದರೆ ಅದು ಮನೆಮನೆಯ ಸಂಗತಿ.

ನಮ್ಮ ದೇಶವೂ ಹಿಂದೆ ಉಳಿದಿಲ್ಲ. ಮುಂಬಯಿಯ ಪವಾಯಿಯಲ್ಲಿರುವ ಐಐಟಿಯಲ್ಲಿ ವಿದ್ಯಾರ್ಥಿಗಳ ಸ್ವಂತ ಮೊಬೈಲಿನಲ್ಲೇ ತರಗತಿಯ ಕ್ವಿಜ್ ನಡೆಸುವ 'ಸೇಫ್' ಎಂಬ ಏರ್ಪಾಡನ್ನು ರೂಪಿಸಿದರು. ಕ್ವಿಜ್ ನಡೆಯುವಾಗ ವಿದ್ಯಾರ್ಥಿ ಮೊಬೈಲಿನ ಬೇರೆ ಕಡೆ ಜಾರದಂತೆ ಅದು ಕಾವಲಿಡುತ್ತದೆ. ಅದೇ ಸಂಸ್ಥೆಯ ಸಂಶೋಧಕರು 2013ರಲ್ಲಿ, ಗಣಿತದಲ್ಲಲ್ಲದಿದ್ದರೂ ಗಣಕಶಾಸ್ತ್ರದ ಒಂದು ಬಹುದೊಡ್ಡ ತರಗತಿಯಲ್ಲಿ, ಮೊದಲು ಒಬ್ಬನೇ ಯೋಚಿಸು, ಆಮೇಲೆ ಜೊತೆಗಾರನೊಡನೆ ಮಾತಾಡು, ಕಡೆಗೆ ಎಲ್ಲರೊಡನೆ ಹಂಚಿಕೋ ಎಂಬ ಕ್ರಮವನ್ನು ಪರೀಕ್ಷಿಸಿದರು. ಆ ಹೊತ್ತಿನಲ್ಲಿ ಸರಾಸರಿ ನೂರಕ್ಕೆ 83 ಮಂದಿ ಪಾಠದಲ್ಲಿ ತೊಡಗಿದ್ದರೆಂದು ಅವರು ಕಂಡುಕೊಂಡರು.

ಗುಣದಂತೆ ದೋಷವನ್ನೂ ಹೇಳದಿದ್ದರೆ ಇತಿಹಾಸಕ್ಕೆ ಅಪಚಾರವಾದೀತು. ಗುಂಡಿ ಒತ್ತಿದ್ದಕ್ಕೆ ಅಂಕ ಕೊಟ್ಟ ಕಡೆ ಮೋಸವೂ ಬಂತು. ಅಮೆರಿಕದ ಡಾರ್ಟ್ಮತ್ ಕಾಲೇಜಿನಲ್ಲಿ 2014ರಲ್ಲಿ, ತರಗತಿಗೆ ಬಾರದ ಗೆಳೆಯರ ಕ್ಲಿಕರುಗಳನ್ನು ಬಂದವರು ಒತ್ತಿದ ಪ್ರಕರಣದಲ್ಲಿ 64 ವಿದ್ಯಾರ್ಥಿಗಳು ಆರೋಪಕ್ಕೆ ಗುರಿಯಾದರು. ಆ ತರಗತಿಯ ವಿಷಯದಲ್ಲಿ ನೀತಿಶಾಸ್ತ್ರವೂ ಸೇರಿತ್ತೆಂಬುದು ವಿಪರ್ಯಾಸ. ಇನ್ನೊಂದು ದೊಡ್ಡ ಮಾತು ಮೊಬೈಲು ಇಲ್ಲದವರದು. ಅಣ್ಣತಂಗಿಯರ ನಡುವೆ ಒಂದೇ ಮೊಬೈಲು ಇರುವ ಮನೆಗಳು ನಮ್ಮ ಸುತ್ತ ಎಷ್ಟಿವೆಯೆಂಬುದನ್ನು 2020ರ ಮಹಾಮಾರಿಯ ದಿನಗಳು ತೋರಿಸಿಕೊಟ್ಟವು. ಇದಕ್ಕೂ ದಾರಿ ಇಲ್ಲದಿಲ್ಲ. 'ಪ್ಲಿಕರ್ಸ್' ಎಂಬ ಕ್ರಮದಲ್ಲಿ ವಿದ್ಯಾರ್ಥಿಗಳು ಗುರುತು ಮುದ್ರಿಸಿದ ಕಾಗದವನ್ನು ಉತ್ತರಕ್ಕೆ ತಕ್ಕಂತೆ ತಿರುಗಿಸಿ ಎತ್ತಿ ಹಿಡಿಯುತ್ತಾರೆ, ಅಧ್ಯಾಪಕರ ಒಂದೇ ಮೊಬೈಲು ಎಲ್ಲವನ್ನೂ ಓದಿಕೊಳ್ಳುತ್ತದೆ. ಲ್ಯಾಂಕಾಸ್ಟರನ ಸ್ಲೇಟು ಕಾಗದವಾಗಿ ಮರಳಿ ಬಂದಂತೆ!

ಹೊರನಾಡಿನಲ್ಲಿ ನೆಲೆಸಿದ ನಮಗೆ ಇದರಲ್ಲಿ ಇನ್ನೂ ಹತ್ತಿರದ ಒಂದು ಮಾತಿದೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿಯೋ ತಮಿಳೋ ಹಿಂದಿಯೋ, ತರಗತಿಯಲ್ಲಿ ಇಂಗ್ಲಿಷು ಆಡುತ್ತ ಬೆಳೆಯುತ್ತಾರೆ. ಊರಿನ ಕನ್ನಡ ಮಾಧ್ಯಮದಲ್ಲಿ ಓದಿ ನೇರವಾಗಿ ಮಹಾನಗರದ ಕಾಲೇಜಿಗೆ ಬಂದವರೂ ನಮ್ಮಲ್ಲಿದ್ದಾರೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಹಿರಿಯರು ಮುಂಬಯಿಯಲ್ಲಿ ಎಷ್ಟೋ ಮಂದಿ. ಇವರೆಲ್ಲರಿಗೂ ಗೊತ್ತಿರುವ ಒಂದು ಅನುಭವವಿದೆ: ಉತ್ತರ ತಿಳಿದಿದೆ, ಆದರೆ ಇಂಗ್ಲಿಷ್ ತಪ್ಪೀತೆಂದು ನಾಲಿಗೆ ಏಳುವುದಿಲ್ಲ. ಕಡೆಯ ಬೆಂಚಿನಲ್ಲಿ ಹಾಗೆ ಸುಮ್ಮನೆ ಕುಳಿತವನನ್ನು ಅಧ್ಯಾಪಕರು ದಡ್ಡನೆಂದು ತಿಳಿಯುತ್ತಾರೆ, ಕೆಲವು ದಿನಗಳಲ್ಲಿ ಅವನೂ ಹಾಗೆಯೇ ತಿಳಿಯುತ್ತಾನೆ.

ಗುಂಡಿ ಒತ್ತುವುದಕ್ಕೆ ಉಚ್ಚಾರದ ಭಯವಿಲ್ಲ. ಪಕ್ಕದವನೊಡನೆ ವಾದಿಸುವುದಕ್ಕೆ ವ್ಯಾಕರಣ ಸರಿಯಿರಬೇಕೆಂದಿಲ್ಲ, ಅರ್ಧ ಹಿಂದಿ ಅರ್ಧ ಕನ್ನಡವಾದರೂ ನಡೆದೀತು. ತನ್ನಂತೆಯೇ ತಪ್ಪಿದವರು ತರಗತಿಯಲ್ಲಿ ಇನ್ನೂ ನಲವತ್ತು ಮಂದಿ ಇದ್ದಾರೆಂದು ಪರದೆಯ ಮೇಲೆ ಕಂಡಾಗ ಆ ಹುಡುಗನ ಎದೆಯ ಭಾರ ಅರ್ಧ ಇಳಿಯುತ್ತದೆ. ಇದು ಸಣ್ಣ ಲಾಭವಲ್ಲ.

ಆದರೆ ಈ ಲಾಭ ತಾನಾಗಿ ಬರುವುದಿಲ್ಲ. ಪ್ರಶ್ನೆ ಒಳ್ಳೆಯದಿರಬೇಕು. ಉತ್ತರ ಒತ್ತಿದ ಮೇಲೆ ಮಾತಿಗೆ ಅವಕಾಶವಿರಬೇಕು. ತಪ್ಪಿದವನಿಗೆ ದಂಡ ಬೀಳಬಾರದು. ಹಾಜರಿ ಹಾಕುವುದಕ್ಕೋ ಅಂಕ ಕಳೆಯುವುದಕ್ಕೋ ಮಾತ್ರ ಮೊಬೈಲು ತೆಗೆಸಿದರೆ ಅದು ಯೇಲಿನ ಕರಿಹಲಗೆಯ ಇನ್ನೊಂದು ರೂಪವಷ್ಟೆ.

ತಂದೆತಾಯಂದಿರಾಗಿ ನಾವೂ ಇದರಲ್ಲಿ ಕೈಜೋಡಿಸಬಹುದು. ಸಂಜೆ ಮಕ್ಕಳು ಮನೆಗೆ ಬಂದಾಗ "ಕ್ವಿಜ್‌ನಲ್ಲಿ ಎಷ್ಟು ಅಂಕ ಬಂತು?" ಎಂದಷ್ಟೇ ಕೇಳುವುದನ್ನು ಬಿಟ್ಟು, "ಇವತ್ತಿನ ಪ್ರಶ್ನೆ ಏನು? ನೀನು ಯಾವುದನ್ನು ಒತ್ತಿದೆ? ಪಕ್ಕದವರು ಏನೆಂದರು?" ಎಂದು ಕೇಳೋಣ. ಗಣಿತ ನಮಗೆ ಬಾರದಿದ್ದರೂ ಚಿಂತೆಯಿಲ್ಲ. ನಮಗೆ ತಿಳಿಯುವಂತೆ ಕನ್ನಡದಲ್ಲಿ ವಿವರಿಸಲು ಹೊರಟ ಮಗು ಆ ವಿಷಯವನ್ನು ಎರಡನೆಯ ಸಲ ಕಲಿಯುತ್ತದೆ, ಮನೆಮಾತು ಗಣಿತಕ್ಕೆ ಬಾರದ ಮಾತಲ್ಲ ಎಂಬುದನ್ನೂ ಅರಿಯುತ್ತದೆ.